ಮಾಣಿಕಪ್ಪನ ಕೆಂಪು ಮುಲಾಮು

ಖೂಬಾ ಪ್ಲಾಟ್ ಬಡಾವಣೆಯಲ್ಲಿ ಯಾರ ಬೆರಳಿಗೆ ಸೂಜಿ ಚುಚ್ಚಿದರೂ ಮಾಣಿಕಪ್ಪನ ಮೂಗಿಗೆ ವಾಸನೆ ಬಡಿಯುತ್ತಿತ್ತಂತೆ! ‘ಅಯ್ಯೋ’ ಎನ್ನುವುದರೊಳಗೆ ಒಂದು ಕೈಯಲ್ಲಿ ಲೋಳಸರ, ಇನ್ನೊಂದರಲ್ಲಿ ಬೇವಿನ ಸೊಪ್ಪು ಹಿಡಿದು ಆ ವೀರ ಹಾಜರು. ಗಾಯಕ್ಕೆ ಹಚ್ಚುವ ಔಷಧಿ ಅಂಗಡಿಯ ಪಟ್ಟಿ ತನ್ನ ಹೊಸ್ತಿಲು ದಾಟಕೂಡದೆಂಬುದು ಅವನ ಶಪಥ. ಗಾಯಗಳು ತನಗೆ ಹೆದರಿ ತಾವೇ ಮುಚ್ಚಿಕೊಳ್ಳುತ್ತವೆ ಎನ್ನುತ್ತಿದ್ದ. ಗಾಯಾಳುಗಳು ಬಾಗಿಲು ಮುಚ್ಚಿಕೊಳ್ಳುತ್ತಾರೆ ಎಂಬುದು ಹೆಂಡತಿ ಪುತಳಾಬಾಯಿಯ ತಿದ್ದುಪಡಿ.

ಮಗ ಗೌತಮನ ಮದುವೆ ಮಾತುಕತೆಗೆ ಕಮಲಾಪುರಕ್ಕೆ ಹೊರಟ ದಿನ ಆಕೆ ಗಂಡನ ಜೇಬು ಜಪ್ತಿ ಮಾಡಿದಳು. ಸೂಪರ್ ಮಾರ್ಕೆಟ್ಟಿನಿಂದ ತಂದ ಪೇಢೆಯ ಡಬ್ಬಿಯ ಅಡಿಯಿಂದಲೂ ಲೋಳಸರದ ತುಂಡು ಹೊರಬಂತು!

“ಹುಡುಗ-ಹುಡುಗಿ ಇಬ್ಬರೂ ಒಪ್ಯಾರ. ನಿಮ್ಮ ಸೊಪ್ಪಿನ ಆಟದಾಗ ಈ ಸಂಬಂಧ ಮುರೀತಂದ್ರ ನೋಡ್ರಿ ಮತ್ತ!”

“ಆಣಿ ಮಾಡ್ತೇನಿ. ಇವತ್ತು ಯಾರ ರಕ್ತ ಬಂದ್ರೂ ಕಣ್ಣೆತ್ತಿ ನೋಡೂದಿಲ್ಲ.”

ವಿಧಿಗೆ ಅದು ಕೇಳಿಸಿತು. ಕಮಲಾಪುರದ ಮನೆಯಲ್ಲಿ ಹುಡುಗಿಯ ಅಪ್ಪ ರಾಮಣ್ಣ, ಬೀಗರಿಗೆಂದು ಕೆಂಪು ಬಾಳೆಗೊನೆಯನ್ನು ಚಾಕುವಿನಿಂದ ಕೊಯ್ಯುವಾಗ ಹೆಬ್ಬೆರಳು ಗೀರಿಕೊಂಡ. ಸಾಸಿವೆಯಷ್ಟು ರಕ್ತ!

ಮಾಣಿಕಪ್ಪ ಛಾವಣಿ ನೋಡಿದ. ಕ್ಯಾಲೆಂಡರ್ ನೋಡಿದ. ಹೆಬ್ಬೆರಳನ್ನೂ ನೋಡಿಬಿಟ್ಟ!

“ಅರಿಶಿಣ ತರ್ರಿ!”

ಸೊಪ್ಪಿಲ್ಲದಿದ್ದರೇನು, ಎಲೆಯಡಿಕೆಯ ಸುಣ್ಣದ ಡಬ್ಬಿ ಜೇಬಿನಲ್ಲೇ ಉಳಿದಿತ್ತಲ್ಲ! ಎರಡನ್ನೂ ನೀರಲ್ಲಿ ಕಲಸಿ ಧಾರಾಳವಾಗಿ ಬಳಿದ. ಅರಿಶಿಣಕ್ಕೆ ಸುಣ್ಣ ಕೂಡಿದರೆ ರಕ್ತಗೆಂಪಾಗುತ್ತದೆಂದು ಆರತಿ ಎತ್ತಿದ ಯಾವ ಹೆಂಗಸಾದರೂ ಹೇಳುತ್ತಿದ್ದಳು. ಮಹಾವೈದ್ಯ ಕೇಳಬೇಕಲ್ಲ!

ಗೀರಿಗೆ ಸುಣ್ಣ ತಗುಲಿದ್ದೇ ರಾಮಣ್ಣ ಎಗರಿಬಿದ್ದ. “ಉರಿ! ಸತ್ತೆನ್ರೋ!” ಕೊಡವಿದ ಕೈಯಿಂದ ಬಿಳಿ ಅಂಗಿ, ಗೋಡೆ, ಪೇಢೆ ಎಲ್ಲ ಕೆಂಪೋ ಕೆಂಪು. ಇನ್ನೊಂದು ಕೈಯಲ್ಲಿ ಚಾಕು ಬೇರೆ! ಇಣುಕಿದ ನೆರೆಮನೆಯ ಗುಂಡಣ್ಣ ಓಣಿಗೆಲ್ಲ ಸಾರಿದ: “ಬೀಗರು ಹೊಡದಾಡಾಕತ್ತಾರ! ಚಾಕು ಹಾಕ್ಯಾರ!”

ಓಣಿ ಒಳನುಗ್ಗಿತು. ಆಸ್ಪತ್ರೆಗೆ ಒಯ್ಯಲು ಯಾರೋ ಟೆಂಪೋ ತಂದರು. ಪುತಳಾಬಾಯಿ ತಲೆಯ ಮೇಲೆ ಕೈಹೊತ್ತಳು. “ಮುಗೀತು ನನ್ನ ಮಗನ ಮದುವಿ!”

ಆಗ ಹುಡುಗಿ ಸುಜಾತಾ ಅಪ್ಪನ ಕೈ ಹಿಡಿದು ಸೋಪು ಹಚ್ಚಿ ತೊಳೆದಳು. ತೊಳೆದಷ್ಟೂ ಗಾಯ ಕಿರಿದಾಗುತ್ತ ಬಂತು. ಕೊನೆಗೆ ಅದನ್ನು ಹುಡುಕಲು ರಾಮಣ್ಣ ಕನ್ನಡಕ ತರಿಸಬೇಕಾಯಿತು! ಓಣಿಗೆ ಓಣಿಯೇ ನಕ್ಕಿತು. ಎಲ್ಲರಿಗಿಂತ ಜೋರಾಗಿ ರಾಮಣ್ಣ.

ಸದ್ದಿಲ್ಲದೆ ಹೊರಗೆ ಜಾರುತ್ತಿದ್ದ ಮಾಣಿಕಪ್ಪನ ಬೆರಳು ಬಾಗಿಲ ಚಿಲಕಕ್ಕೆ ತರಚಿತು. ಸುಜಾತಾ ಸುಣ್ಣದ ಡಬ್ಬಿ ಎತ್ತಿಕೊಂಡಳು.

“ಬರ್ರಿ ಮಾವಾರ, ನಿಮಗೂ ಇದನ್ನ ಹಚ್ಚಲೇನ್ರೀ?”

‘ಮಾವಾರ’ ಎಂದದ್ದು ಕಿವಿಗೆ ಬಿದ್ದು ಪುತಳಾಬಾಯಿಯ ಕೈ ತಲೆಯಿಂದ ಇಳಿಯಿತು. ಮಾಣಿಕಪ್ಪನ ಕೈ ಬೆನ್ನ ಹಿಂದೆ ಅಡಗಿತು.

“ಬ್ಯಾಡವ್ವಾ. ಅಂಗಡ್ಯಾಗಿನ ಪಟ್ಟಿ ಇದ್ರ ಹಚ್ಚು.”