ತಣ್ಣಗಾಗದ ಎಸಿ ಬೇಕಾಗಿದೆ

ರಾಮಾಂಜಿನಮ್ಮ: ಈವಯ್ಯ ಬ್ಯಾಡ. ಕಳ್ಸಿ ಅಂದ್ರೆ ಕಳ್ಸಿ.

ರೇಣುಕಯ್ಯ: ಲೇ, ಮೆಲ್ಲಗೆ ಮಾತಾಡೆ. ಇನ್ನೂ ಏಣಿ ಮೇಲೇ ನಿಂತವ್ನೆ, ಕೇಳಿಸ್ತೈತೆ.

ರಾಮಾಂಜಿನಮ್ಮ: ಕೇಳಿಸ್ಲಿ. ಕೇಳಿಸ್ಕಂಡೇ ಇಳೀಲಿ.

(ಮಧುಗಿರಿಯ ಬೆಟ್ಟದ ಬುಡದ ಬೀದಿ. ಏಪ್ರಿಲ್ ತಿಂಗಳು. ಹಗಲೆಲ್ಲ ಕಾದ ಬಂಡೆ ಸಂಜೆಯಾದ ಮೇಲೂ ಆ ಬಿಸಿಯನ್ನು ಬೀದಿಯವರಿಗೆ ಹಂಚುತ್ತಿರುತ್ತದೆ, ಬೇಡ ಎಂದರೂ ಬಿಡುವುದಿಲ್ಲ. ರೇಣುಕಯ್ಯನವರ ಮನೆಯ ನಡುಮನೆಯಲ್ಲಿ ಹೊಸ ಎಸಿಯ ಡಬ್ಬ ಕೂತಿದೆ. ಅದರ ಮೇಲೆ ಮೊರದ ತುಂಬ ಸುಲಿದ ಬೆಳ್ಳುಳ್ಳಿ. ಮಗಳಿಗೆಂದು ಸಿದ್ಧವಾಗುತ್ತಿರುವ ಕೋಣೆಯಲ್ಲಿ, ಏಣಿಯ ಮೇಲೆ ಟೇಪು ಹಿಡಿದು ಗೋಡೆ ಅಳೆಯುತ್ತಿರುವವನು ಕೊರಟಗೆರೆಯ ಎಸಿ ಕಂಟ್ರಾಕ್ಟರ್ ಪ್ರಸನ್ನ ಕುಮಾರ್.)

ಪ್ರಸನ್ನ ಕುಮಾರ್: (ಇಳಿಯುತ್ತ) ನನ್ನಿಂದ ಏನಾದ್ರೂ ತಪ್ಪಾಯ್ತಾಮ್ಮ?

ರಾಮಾಂಜಿನಮ್ಮ: ತಪ್ಪೇನಿಲ್ಲ ಕಣಪ್ಪ, ಅದೇ ತೊಂದ್ರೆ. ನೀನು ಹಾಕಿರೋ ಎಸಿ ಯಾವ್ದಾದ್ರೂ ಕೆಟ್ಟೋಗೈತಾ?

ಪ್ರಸನ್ನ ಕುಮಾರ್: ಒಂದೂ ಇಲ್ಲಮ್ಮ.

ರಾಮಾಂಜಿನಮ್ಮ: ಗೆಪ್ತಿ ಮಾಡ್ಕಳಪ್ಪ. ಇಷ್ಟು ವರ್ಷದಾಗೆ ಒಂದಾದ್ರೂ ಕೈ ಕೊಟ್ಟಿರ್ಬೇಕು.

ಪ್ರಸನ್ನ ಕುಮಾರ್: ತೋವಿನಕೆರೇಲಿ ಒಬ್ರ ಮನೇದು ಒಂದ್ಸಲ ನಿಂತೋಗಿತ್ತು...

ರಾಮಾಂಜಿನಮ್ಮ: (ಮುಖ ಅರಳಿಸಿ) ನೋಡ್ದಾ! ಏನಾಗಿತ್ತು?

ಪ್ರಸನ್ನ ಕುಮಾರ್: ಇಲಿ ವೈರ್ ಕಡ್ದಿತ್ತು. ಅವತ್ತು ಸಂಜೇನೇ ಹೋಗಿ ಪುಕ್ಸಟ್ಟೆ ಸರಿ ಮಾಡ್ಕೊಟ್ಟೆ.

ರಾಮಾಂಜಿನಮ್ಮ: (ಮುಖ ಬಾಡಿಸಿ) ಹೋಗ್ಬಾರಪ್ಪ. ಬಿಸ್ಲಾಗೆ ಬಂದಿದ್ದೀಯ, ಮಜ್ಜಿಗೆ ಕುಡ್ಕಂಡು ಹೋಗು.

(ಪ್ರಸನ್ನ ಕುಮಾರ್ ಮಜ್ಜಿಗೆ ಕುಡಿದು, ಲೋಟ ಕೆಳಗಿಟ್ಟು, ತನ್ನ ತಪ್ಪೇನೆಂದು ತಿಳಿಯದೆ ಹೊರಟುಹೋದ. ಪಾಪ, ಒಳ್ಳೆಯ ಹುಡುಗ. ರೇಣುಕಯ್ಯನವರು ಹೆಗಲ ಮೇಲಿನ ಟವೆಲ್ ತೆಗೆದು ಕುರ್ಚಿಗೆ ಬಡಿದರು.)

ರೇಣುಕಯ್ಯ: ನಿಂಗೇನು ಬಂದೈತೆ ದೊಡ್ರೋಗ? ಆ ಹುಡುಗನ್ನ ಹುಡ್ಕಕ್ಕೆ ನಾನು ಎಷ್ಟು ಅಲ್ದೆ ಗೊತ್ತಾ? ಕೊರಟಗೆರೆ ಬಸ್‌ಸ್ಟ್ಯಾಂಡ್ ಟೀ ಅಂಗಡೀಲಿ ಕೇಳ್ದೆ. ಅವ್ನ ಪಕ್ಕದ್ಮನೆಯೋರ್ನ ಕೇಳ್ದೆ. ಬೀಡಿ ಸಿಗ್ರೇಟು ಐತಾ ಕೇಳ್ದೆ. ಅಶ್ವಿನಿಗೆ ಗಂಡು ನೋಡ್ವಾಗ್ಲೂ ಇಷ್ಟು ಇಚಾರ್ಸಿರ್ಲಿಲ್ಲ!

ರಾಮಾಂಜಿನಮ್ಮ: ಇಚಾರ್ಸಿದ್ರೆ ಆ ಬೀಗಿತ್ತಿ ಕೈಗೆ ಸಿಗ್ತಿದ್ವಾ?

ರೇಣುಕಯ್ಯ: ಮಾತು ತಪ್ಪಿಸ್ಬ್ಯಾಡ. ರೇಟ್ ಜಾಸ್ತಿ ಅಂದ್ನಾ?

ರಾಮಾಂಜಿನಮ್ಮ: ಇಲ್ಲ.

ರೇಣುಕಯ್ಯ: ಚಪ್ಲಿ ಹಾಕ್ಕಂಡು ಒಳೀಕೆ ಬಂದ್ನಾ?

ರಾಮಾಂಜಿನಮ್ಮ: ಬಾಗ್ಲಲ್ಲೇ ಬಿಟ್ಟಿದ್ದ. ಕಾಲೂ ತೊಳ್ಕಂಡ.

ರೇಣುಕಯ್ಯ: ಮತ್ತೆ? ನಿನ್ನೆ ಬಂದೋನ್ನ ಕಳಿಸ್ಬುಟ್ಟೆ, ಮೊನ್ನೆ ಬಂದೋನ್ನ ಕಳಿಸ್ಬುಟ್ಟೆ. ಇನ್ಯಾರನ್ನ ತರ್ಲಿ? ಪಾವಗಡದ ನರಸಿಂಹರಾಜುನ ತರ್ಲಾ? ಆವಯ್ಯ ಮಿಡಿಗೇಶಿ ರಸ್ತೇಲಿ ಒಂದು ಚೌಟ್ರಿಗೆ ಎಸಿ ಹಾಕ್ದ. ಮುಹೂರ್ತದ ಹೊತ್ಗೆ ಗಂಡು ಬೆವ್ತು, ಬಾಸಿಂಗ ಜಾರಿ ಮೂಗಿನ ಮೇಲೆ ಬಂದ್ಬುಡ್ತಂತೆ!

ರಾಮಾಂಜಿನಮ್ಮ: (ಬೆಳ್ಳುಳ್ಳಿ ಸುಲಿಯುವುದನ್ನು ನಿಲ್ಲಿಸಿ) ಯಾರು? ಇನ್ನೊಂದ್ಸಲ ಹೇಳಿ.

ರೇಣುಕಯ್ಯ: ಐನೋರು ಮಂತ್ರ ಬಿಟ್ಟು ಬೀಸಣಿಗೆ ಹಿಡ್ಕಂಡ್ರಂತೆ.

ರಾಮಾಂಜಿನಮ್ಮ: ಆವಯ್ಯನ ನಂಬರ್ ಐತಾ?

(ಅಷ್ಟರಲ್ಲಿ ಫೋನು ಬಡಿದುಕೊಂಡಿತು. ಮಗಳು ಅಶ್ವಿನಿ, ಶಿರಾದ ಆಸ್ಪತ್ರೆಯಿಂದ. ಕೊನೆಯ ದಿನದವರೆಗೂ ಬ್ಯಾಂಕಿನ ಕೆಲಸಕ್ಕೆ ಹೋಗಿ ಶಿರಾದಲ್ಲೇ ಹೆತ್ತವಳು. ಸೋಮವಾರ ಅವಳನ್ನು ಮನೆಗೆ ಕಳಿಸುತ್ತಾರೆ. ಯಾವ ಮನೆಗೆ ಎಂಬುದೇ ಈಗಿನ ಪ್ರಶ್ನೆ.)

ಅಶ್ವಿನಿ: ಅಮ್ಮಾ, ಎಸಿ ಹಾಕ್ಸಿದ್ರಾ? ಮಗು ಮೈಯೆಲ್ಲಾ ಬೆವರುಸಾಲೆ. ಅಲ್ಲಿ ಎಸಿ ಇಲ್ಲಾಂದ್ರೆ ನಾನು ಇಲ್ಲೇ ಅತ್ತೆ ಮನೇಲಿದ್ಬಿಡ್ತೀನಿ. ಅವ್ರು ರೂಮ್ ರೆಡಿ ಮಾಡಿದ್ದಾರೆ.

ರಾಮಾಂಜಿನಮ್ಮ: ಬಾಯಿ ಮುಚ್ಚು. ಮೊದಲ್ನೇ ಬಾಣಂತನ ಎಲ್ಲಾದ್ರೂ ಅತ್ತೆ ಮನೇಲಿ ಮಾಡಿಸ್ಕಂತಾರಾ? ಎಸಿ ಬಂದು ಕೂತೈತೆ ಕಣಮ್ಮ, ನೀನು ಬಾ.

(ಫೋನು ಇಟ್ಟಳು. ಕಣ್ಣಂಚು ಒದ್ದೆಯಾಗಿತ್ತು. ಮಗಳ ಬಾಣಂತನ ಕೈತಪ್ಪಿದರೆ ಅವಳು ಬೀದಿಯಲ್ಲಿ ತಲೆ ಎತ್ತಿ ಓಡಾಡುವುದಿಲ್ಲ. ಅದಕ್ಕಿಂತ ಹೆಚ್ಚಾಗಿ, ಮೊಮ್ಮಗುವಿಗೆ ಮೊದಲ ಎಣ್ಣೆನೀರು ಎರೆಯುವ ಕೈ ಬೇರೆಯವರದ್ದಾದರೆ ತಡೆದುಕೊಳ್ಳುವುದಿಲ್ಲ.)

ರೇಣುಕಯ್ಯ: ಕೇಳಿಸ್ಕಂಡ್ಯಾ? ಈಗ್ಲಾದ್ರೂ ಪ್ರಸನ್ನ ಕುಮಾರನ್ನ ವಾಪಸ್ ಕರೀಲಾ?

ರಾಮಾಂಜಿನಮ್ಮ: ರೀ, ನಿಮ್ಗೆ ಅರ್ಥ ಆಗಲ್ಲ. ಬಾಣಂತಿಗೆ ತಣ್ಣನೆ ಗಾಳಿ ಸೋಕ್ಬಾರ್ದು. ಕಿವೀಗೆ ಹತ್ತಿ ಇಡ್ಬೇಕು, ತಲೆಗೆ ಬಟ್ಟೆ ಕಟ್ಬೇಕು, ಮಂಚದ ಕೆಳಗೆ ಕೆಂಡ ಇಡ್ಬೇಕು. ನಮ್ಮವ್ವ ನಂಗಂಗೇ ಮಾಡಿದ್ಲು.

ರೇಣುಕಯ್ಯ: ಹಂಗಾದ್ರೆ ಎಸಿ ಬ್ಯಾಡ ಅನ್ನು.

ರಾಮಾಂಜಿನಮ್ಮ: ಎಸಿ ಇಲ್ದಿದ್ರೆ ಮಗ್ಳು ಬರಲ್ವಲ್ಲ! ಅದ್ಕೇ, ಎಸಿ ಇರ್ಬೇಕು. ಗೋಡೆ ಮೇಲೆ ಕಾಣಿಸ್ಬೇಕು. ಲೈಟ್ ಹತ್ಬೇಕು, ಬುರ್ ಅನ್ಬೇಕು. ತಣ್ಣಗೆ ಮಾತ್ರ ಆಗ್ಬಾರ್ದು.

(ಇಷ್ಟು ವರ್ಷ ಸಂಸಾರ ಮಾಡಿಯೂ ರೇಣುಕಯ್ಯನವರಿಗೆ ಹೆಂಡತಿ ಹೊಸಬಳಂತೆ ಕಂಡಳು.)

ರೇಣುಕಯ್ಯ: ಅಂದ್ರೆ ನಿಂಗೆ ಎಸಿ ಬೇಕಿಲ್ಲ. ಎಸಿ ವೇಷ ಹಾಕ್ಕಂಡಿರೋದು ಬೇಕು.

ರಾಮಾಂಜಿನಮ್ಮ: ಹೂಂ. ಅದ್ಕೆ ನಂಬಿಕಸ್ತ ಕೈ ಬೇಕು. ಹಾಕಿದ್ರೆ ಕೆಡ್ಲೇಬೇಕು, ಅಂಥ ಕೈ.

ರೇಣುಕಯ್ಯ: ಅಲ್ಲ ಕಣೆ, ಚೆನ್ನಾಗಿರೋದನ್ನೇ ಹಾಕ್ಸಿ ಆನ್ ಮಾಡ್ದೆ ಇದ್ರಾಯ್ತಲ್ಲ?

ರಾಮಾಂಜಿನಮ್ಮ: ರಿಮೋಟು ಮಗಳ ದಿಂಬಿನ ಕೆಳ್ಗಿರ್ತೈತೆ.

ರೇಣುಕಯ್ಯ: ಸ್ವಿಚ್ ತೆಗ್ದು, ಕರೆಂಟಿಲ್ಲ ಅನ್ನು.

ರಾಮಾಂಜಿನಮ್ಮ: ಹೆಂಗನ್ಲಿ? ಪಕ್ಕದ ಕೋಣೇಲಿ ನಿಮ್ಮ ಟಿವಿ ಕಿರುಚ್ತಿರ್ತೈತಲ್ಲ! ನೀವು ಮೂರು ತಿಂಗ್ಳು ಟಿವಿ ಬಿಡ್ತೀರಾ?

ರೇಣುಕಯ್ಯ: (ಬೇಗನೆ) ನರಸಿಂಹರಾಜು ನಂಬರ್ ಬರ್ಕ.

(ಮಾರನೆಯ ದಿನ ಬೆಳಿಗ್ಗೆ ತಿಂಡಿಯ ಹೊತ್ತಿಗೆ ಬರುತ್ತೇನೆಂದ ನರಸಿಂಹರಾಜು ಮಧ್ಯಾಹ್ನದ ಊಟಕ್ಕೆ ಸರಿಯಾಗಿ ಬಂದ. ಏಣಿ ಮರೆತು ಬಂದಿದ್ದ. ರಾಮಾಂಜಿನಮ್ಮನಿಗೆ ಅವನ ಮೇಲೆ ಆಗಲೇ ನಂಬಿಕೆ ಹುಟ್ಟಿತು.)

ರಾಮಾಂಜಿನಮ್ಮ: ಬಾರಪ್ಪ, ಕೂತ್ಕ. ಆ ಚೌಟ್ರಿ ಕೆಲ್ಸ ಮಾಡಿದ್ದು ನೀನೇನಾ?

ನರಸಿಂಹರಾಜು: (ಎದ್ದು ನಿಂತು) ಅಬದ್ಧಂ ಅಮ್ಮಾ! ಪೂರಾ ಸುಳ್ಳು. ನನ್ನ ಕಂಡ್ರೆ ಆಗ್ದಿರೋರು ಕಟ್ಟಿರೋ ಕಥೆ.

ರಾಮಾಂಜಿನಮ್ಮ: (ಗಾಬರಿಯಿಂದ) ನೀನಲ್ವಾ? ಹಂಗಾದ್ರೆ ಆ ಮದ್ವೆ ಗಂಡು ಬೆವ್ತಿದ್ದು?

ನರಸಿಂಹರಾಜು: ಅದು ಸೆಕೆಗಲ್ಲಮ್ಮ, ಭಯಕ್ಕೆ. ಮಾವ ಪೊಲೀಸ್ನೋರು.

ರೇಣುಕಯ್ಯ: ಐನೋರು ಬೆವ್ತಿದ್ದು? ಅವ್ರಿಗ್ಯಾವ ಮಾವ?

ರಾಮಾಂಜಿನಮ್ಮ: ನೀವು ಸುಮ್ಕಿರಿ. ನೋಡಪ್ಪ ರಾಜು, ನಿಮ್ಮಕ್ಕ ಅಂದ್ಕಂಡು ನಿಜ ಹೇಳು. ನಿಂಗೆ ಕೆಲ್ಸ ಬರ್ತೈತಾ?

ನರಸಿಂಹರಾಜು: ಏಂಟಮ್ಮಾ ಹಿಂಗ್ ಕೇಳ್ತೀರಾ? ಫಸ್ಟ್ ಕ್ಲಾಸಾಗಿ ಬರ್ತೈತೆ! ನಾನು ಹಾಕಿದ್ರೆ ಕೋಣೆಯೊಳಗೆ ಕಂಬ್ಳಿ ಹೊದ್ಕಂಡು ಕೂತ್ಕಬೇಕು!

ರಾಮಾಂಜಿನಮ್ಮ: (ಸೆರಗಿನಿಂದ ಕಣ್ಣೊರೆಸಿಕೊಂಡು) ಹಂಗಾದ್ರೆ ನೀನೂ ಬ್ಯಾಡಪ್ಪ. ನಿನ್ನ ಮೇಲೆ ಎಷ್ಟೊಂದು ಆಸೆ ಇಟ್ಕಂಡಿದ್ದೆ.

ನರಸಿಂಹರಾಜು: (ರೇಣುಕಯ್ಯನವರ ಕಿವಿಯಲ್ಲಿ) ಸಾರ್, ಅಮ್ಮಾವ್ರಿಗೆ ಹುಷಾರಿಲ್ವಾ?

ರೇಣುಕಯ್ಯ: ಹುಷಾರು ಜಾಸ್ತಿ ಆಗೈತೆ ಕಣಯ್ಯ, ಅದೇ ಕಾಯ್ಲೆ. ಆಕೆಗೆ ಕೆಲ್ಸ ಬರ್ದೆ ಇರೋನು ಬೇಕಂತೆ. ಎಸಿ ಓಡ್ಬೇಕಂತೆ, ತಣ್ಣಗಾಗ್ಬಾರ್ದಂತೆ.

(ನರಸಿಂಹರಾಜುವಿನ ಮುಖದಲ್ಲಿ ಕಂಡ ಸಂತೋಷ ಹೇಳತೀರದು. ಇಷ್ಟು ದಿನ ಮುಚ್ಚಿಟ್ಟುಕೊಂಡು ಓಡಾಡಿದ್ದನ್ನು ಕೇಳಿ ಪಡೆಯುವವರು ಕೊನೆಗೂ ಸಿಕ್ಕಿದ್ದರು.)

ನರಸಿಂಹರಾಜು: ಅಂಗನ್ನಿ ಮತ್ತೆ! ಚೌಟ್ರಿ ನಂದೇ ಅಮ್ಮಾ!

ರಾಮಾಂಜಿನಮ್ಮ: ನಿಜವಾಗ್ಲೂ?

ನರಸಿಂಹರಾಜು: ಅದೊಂದೇ ಅಲ್ಲ. ಶಿರಾದಾಗೆ ಒಂದು ಬಟ್ಟೆ ಅಂಗ್ಡಿಗೆ ಹಾಕಿವ್ನಿ. ಸೀರೆ ನೋಡೋ ಹೆಂಗಸ್ರು ಮಧ್ಯ ಮಧ್ಯ ಬಿಸ್ಲಿಗೆ ಬಂದು ಸುಧಾರ್ಸ್ಕಂಡು ಹೋಗ್ತಾರೆ. ಇನ್ನೊಬ್ರು ಡಾಕ್ಟ್ರ ಶಾಪಲ್ಲಿ ಹಾಕಿದ್ದು ನಲ್ಲಿ ಥರ ಸುರೀತೈತೆ. ಪೇಷಂಟ್‌ಗಳು ಅಲ್ಲೇ ಕೈ ತೊಳ್ಕಂತಾರೆ.

ರಾಮಾಂಜಿನಮ್ಮ: (ಗಂಡನಿಗೆ, ಹೆಮ್ಮೆಯಿಂದ) ನೋಡಿ! ಇಚಾರ್ಸೋದು ಅಂದ್ರೆ ಹಿಂಗೆ.

ರೇಣುಕಯ್ಯ: ನನ್ನ ದುಡ್ಡಲ್ಲಿ ತಂದಿರೋ ಎಸಿ ಈವಯ್ಯನ ಕೈಗೆ ಕೊಡಲ್ಲ ಕಣೆ! ನನ್ನ ಹೆಣ ಬಿದ್ರೂ ಕೊಡಲ್ಲ!

ರಾಮಾಂಜಿನಮ್ಮ: ಬ್ಯಾಡ, ಬಿಡಿ. ಮಗ್ಳು ಶಿರಾದಾಗೇ ಇರ್ಲಿ. ನೀವು ಭಾನ್ವಾರ ಭಾನ್ವಾರ ಬಸ್ಸತ್ತಿ ಹೋಗಿ, ಬೀಗಿತ್ತಿ ಕೊಟ್ಟ ಕಾಫಿ ಕುಡ್ದು, ಮೊಮ್ಮಗೂನ ದೂರದಿಂದ ನೋಡಿ, ಚೀಲ ಎತ್ಕಂಡು ಬನ್ನಿ. ಎತ್ಕಳಕ್ಕೆ ಅವ್ರು ಬಿಟ್ರೆ ನಿಮ್ಮ ಪುಣ್ಯ.

(ರೇಣುಕಯ್ಯನವರು ಎದ್ದು ಹೋಗಿ ಡಬ್ಬದ ಮೇಲಿನ ಬೆಳ್ಳುಳ್ಳಿ ಮೊರವನ್ನು ತಾವೇ ಕೆಳಗಿಟ್ಟರು.)

ರಾಮಾಂಜಿನಮ್ಮ: ಹೆಂಗೆ ಮಾಡ್ತೀಯಪ್ಪ ರಾಜು?

ನರಸಿಂಹರಾಜು: ಎಸಿಯೊಳಗೆ ಗ್ಯಾಸಿರ್ತೈತಮ್ಮ. ಅದು ಇದ್ರೆ ತಣ್ಣಗೆ, ಇಲ್ದಿದ್ರೆ ಬರೀ ಫ್ಯಾನು. ಜೋಡ್ಸುವಾಗ ಅದನ್ನ ಆಚೆ ಬಿಟ್ಬುಡ್ತೀನಿ. ಬ್ಯಾರೆಯೋರ ಮನೇಲಿ ಅದು ತಾನಾಗೇ ಹೋಗ್ತಿತ್ತು. ನಿಮ್ಗೆ ಮುದ್ದಾಂ ಬಿಡ್ತೀನಿ.

ರಾಮಾಂಜಿನಮ್ಮ: ಮಾತು ಕೊಡು. ಗೊರವನಹಳ್ಳಿ ಲಕ್ಷ್ಮಮ್ಮನ ಮೇಲೆ ಆಣೆ ಮಾಡು.

ನರಸಿಂಹರಾಜು: ದೇವ್ರನ್ನ ಯಾಕಮ್ಮ ಇದ್ರಾಗೆ ಎಳೀತೀರಾ? ಇಗೋ, ಎಸಿ ಡಬ್ಬದ ಮೇಲೆ ಕೈಯಿಟ್ಟಿವ್ನಿ. ತಣ್ಣಗಾದ್ರೆ ಬಂದು ನನ್ನ ಕೊಳ್‌ಪಟ್ಟಿ ಹಿಡೀರಿ.

(ಭಾನುವಾರಕ್ಕೆ ಮುಗಿಸುತ್ತೇನೆಂದಿದ್ದ. ಸೋಮವಾರ ಮಗಳ ಕಾರು ಬಾಗಿಲಿಗೆ ಬಂದಾಗ ಇನ್ನೂ ಹೊರಗಿನ ಗೋಡೆಗೆ ಕೊನೆಯ ಬೋಲ್ಟು ತಿರುಗಿಸುತ್ತಿದ್ದ. ಶಿರಾದಿಂದ ದಾರಿಯುದ್ದಕ್ಕೂ ಅತ್ತ ಮಗು ಆರತಿ ತಟ್ಟೆಗೂ ಅಳು ನಿಲ್ಲಿಸಲಿಲ್ಲ. ಅಶ್ವಿನಿ ಕೋಣೆಗೆ ಹೋದವಳೇ ರಿಮೋಟು ಒತ್ತಿದಳು. ಲೈಟ್ ಹತ್ತಿತು. ಬುರ್ ಎಂದಿತು. ರಾಮಾಂಜಿನಮ್ಮ ಬಾಗಿಲಲ್ಲಿ ನಿಂತು ಗಂಡನಿಗೆ ಕಣ್ಣು ಹೊಡೆದಳು.)

ಅಶ್ವಿನಿ: ಅಬ್ಬಾ!

ರಾಮಾಂಜಿನಮ್ಮ: ಏನಮ್ಮಾ, ಸೆಕೇನಾ? ಹೊಸಾದಲ್ವಾ, ಹಂಗೇ ಇರ್ತೈತೆ. ಸ್ವಲ್ಪ ದಿನ ಹೋಗ್ಲಿ.

ಅಶ್ವಿನಿ: ಸೆಕೆ ಏನಮ್ಮ! ನಮ್ಮತ್ತೆ ಮನೇದು ಇದ್ರ ಮುಂದೆ ಏನೂ ಇಲ್ಲ. ನೋಡು, ಮಗು ಆಗ್ಲೇ ಮಲಗ್ತು.

(ನಿಜ. ಮಗು ಬಾಯಿ ತೆರೆದುಕೊಂಡು ಮಲಗಿಬಿಟ್ಟಿತ್ತು. ರಾಮಾಂಜಿನಮ್ಮ ಒಳಗೆ ಕಾಲಿಟ್ಟವಳು ಮೈ ಜುಮ್ಮೆಂದು ಹಿಂದೆ ಸರಿದಳು. ಮತ್ತೆ ಓಡಿಹೋಗಿ ಮಗುವಿನ ಕುಲಾವಿಯ ಮೇಲೆ ಇನ್ನೊಂದು ಕುಲಾವಿ, ಅದರ ಮೇಲೆ ರೇಣುಕಯ್ಯನವರ ಮಫ್ಲರು ಸುತ್ತಿದಳು.)

ಅಶ್ವಿನಿ: ಅಮ್ಮಾ, ಮೂರು ತಿಂಗ್ಳಲ್ಲ, ನಾನು ಐದು ತಿಂಗ್ಳು ಇಲ್ಲೇ ಇರ್ತೀನಿ. ಅತ್ತೆಗೆ ನೀನೇ ಫೋನ್ ಮಾಡಿ ಹೇಳು.

(ಇಂಥ ಮಾತು ಕೇಳಲು ರಾಮಾಂಜಿನಮ್ಮ ಯಾವ ಹರಕೆ ಬೇಕಾದರೂ ಹೊರುತ್ತಿದ್ದಳು. ಕೇಳಿ ಹಿಗ್ಗಿದಳು ಕೂಡ. ಆದರೆ ತಣ್ಣನೆ ಗಾಳಿ ಬೆನ್ನಿಗೆ ಬಡಿಯುತ್ತಲೇ ಇತ್ತು. ಸೆರಗು ಸಿಕ್ಕಿಸಿಕೊಂಡು ಅಂಗಳಕ್ಕೆ ನುಗ್ಗಿ ನರಸಿಂಹರಾಜುವಿನ ಕೊರಳಪಟ್ಟಿಗೆ ಕೈ ಹಾಕಿದಳು.)

ರಾಮಾಂಜಿನಮ್ಮ: ಲೋ ರಾಜು! ಏನೋ ಮಾಡ್ಬುಟ್ಟೆ ಇದು? ಒಳಗೆ ಐಸ್ ಬೀಳ್ತೈತೆ!

ನರಸಿಂಹರಾಜು: (ಬೆಚ್ಚಿ) ತಣ್ಣಗಾಯ್ತಾ? ನಿಜವಾಗ್ಲೂ?

(ಅವಳ ಕೈ ಬಿಡಿಸಿಕೊಂಡು ಕಿಟಕಿಗೆ ಓಡಿದ. ಸಂದಿಯಲ್ಲಿ ಬೆರಳು ತೂರಿಸಿ ಹಿಡಿದ. ಕಣ್ಣಲ್ಲಿ ನೀರು ತುಂಬಿತು.)

ನರಸಿಂಹರಾಜು: ದೇವುಡಾ! ಇದು ನನ್ನ ಕೈಲಿ ಆದದ್ದಾ!

ರೇಣುಕಯ್ಯ: (ವಾರದಿಂದ ಮೊದಲ ಬಾರಿ ನಗುತ್ತ) ಗ್ಯಾಸು ಆಚೆ ಬಿಡ್ತೀನಿ ಅಂದಿದ್ದಲ್ಲಯ್ಯ?

ನರಸಿಂಹರಾಜು: ಬಿಡ್ಬೇಕಂತ್ಲೇ ಇದ್ದೆ ಸಾರ್. ಅಮ್ಮಾವ್ರು ಊಟಕ್ಕೆ ಕರುದ್ರು, ಮರ್ತೋಯ್ತು.

ರಾಮಾಂಜಿನಮ್ಮ: ನಾನು ನಿನ್ನ ನಂಬಿದ್ನಲ್ಲೋ! ಡಬ್ಬದ ಮೇಲೆ ಕೈಯಿಟ್ಟು ಮಾತು ಕೊಟ್ಟಿದ್ದಲ್ಲೋ!

ನರಸಿಂಹರಾಜು: ಒಳ್ಳೇ ಚೆನ್ನಾಗಿ ಹೇಳಿದ್ರಿ ಅಮ್ಮಾ. ನಾನು ಕೊಟ್ಟ ಮಾತಿನಂಗೆ ಕೆಲ್ಸ ಮಾಡೋನಾಗಿದ್ರೆ, ನೀವು ನನ್ನ ಕರೀತಾನೇ ಇರ್ಲಿಲ್ವಲ್ಲ!