ನಾನೂರ ಹನ್ನೆರಡು ಎಡಗಾಲುಗಳ ಸಮಜಾಯಿಷಿ

ಬೆಟ್ಟದ ಜನಸಂದಣಿ ನಿಯಂತ್ರಣಾಧಿಕಾರಿಗಳ ದಿವ್ಯ ಸನ್ನಿಧಾನಕ್ಕೆ, ಪೂರ್ವದ ಮೆಟ್ಟಿಲುಗಳ ಬುಡದಲ್ಲಿ ಭಕ್ತಾದಿಗಳ ಚಪ್ಪಲಿ ಕಾಯುವ ಹೆಂಗಸು ಮಾಡುವ ಅನಂತ ನಮಸ್ಕಾರಗಳು.

ಮಾನ್ಯರೇ,

ತಾವು ಕ್ಷೇಮವೆಂದು ನಂಬಿದ್ದೇನೆ. ತಮ್ಮ ಪಾದಗಳೂ ಕ್ಷೇಮವೆಂದು ಪ್ರತ್ಯೇಕವಾಗಿ ನಂಬಿದ್ದೇನೆ. ಪಾದಗಳನ್ನು ಬೇರೆಯಾಗಿ ವಿಚಾರಿಸಿದ್ದೇಕೆಂಬುದು ಪತ್ರ ಮುಗಿಯುವ ಹೊತ್ತಿಗೆ ತಮಗೇ ತಿಳಿಯುತ್ತದೆ. ತಮ್ಮ ಕಚೇರಿಯ ಗುಮಾಸ್ತರು ಆರೋಪಿಗಳ ಕೈಯಿಂದ ಲಕೋಟೆ ತೆಗೆದುಕೊಳ್ಳುವುದಿಲ್ಲವೆಂದು ಹೇಳಿದ್ದರಿಂದ ಈ ಪತ್ರವನ್ನು ನನ್ನ ಮಳಿಗೆಯ ಬಾಗಿಲಿಗೆ ಅಂಟಿಸಿದ್ದೇನೆ. ಬೆಟ್ಟಕ್ಕೆ ಹೋಗುವವರೆಲ್ಲ ನಿಂತು ಓದುತ್ತಿದ್ದಾರೆ, ಅದು ನನ್ನ ತಪ್ಪಲ್ಲ.

ತಮ್ಮಂಥವರಿಗೆ ಚಪ್ಪಲಿಯ ಸಂಗತಿ ತಿಳಿದಿರಬೇಕೆಂದು ಬಯಸುವುದು ಅಧಿಕಪ್ರಸಂಗವಾದೀತು, ಆದರೂ ಹೇಳುತ್ತೇನೆ. ನಮ್ಮ ಮಳಿಗೆಗೆ ಎರಡು ಕೋಣೆ, ಎರಡು ಕಿಟಕಿ. ಭಕ್ತರು ಬಿಟ್ಟ ಜೊತೆಗೆ ಒಂದೇ ಸಂಖ್ಯೆಯ ಚೀಟಿ ಕಟ್ಟಿ, ಬಲಗಾಲಿನದನ್ನು ಮುಂದಿನ ಕೋಣೆಯಲ್ಲಿ ನಾನು ಇಡುತ್ತೇನೆ, ಎಡಗಾಲಿನದನ್ನು ಹಿಂದಿನ ಕೋಣೆಯಲ್ಲಿ ನಮ್ಮ ಅತ್ತೆ ಇಡುತ್ತಾರೆ. ಇದು ತೀರಿಹೋದ ನಮ್ಮ ಮಾವನವರು ಕಂಡುಹಿಡಿದ ಉಪಾಯ. ಹಿಂದೆ ದರ್ಶನಕ್ಕೆ ಬರಿಗಾಲಲ್ಲಿ ಬಂದು ಹೊಸ ಬೂಟಿನಲ್ಲಿ ಹಿಂದಿರುಗುವ ಭಕ್ತರು ಬಹಳ ಇದ್ದರಂತೆ. ಒಂದೇ ಕಾಲಿನ ಚಪ್ಪಲಿ ಕದಿಯುವಷ್ಟು ದಡ್ಡ ಕಳ್ಳ ಈ ಊರಿನಲ್ಲಿ ಇನ್ನೂ ಹುಟ್ಟಿಲ್ಲವೆಂದು ಮಾವ ನಡುವೆ ಗೋಡೆ ಎಬ್ಬಿಸಿದರು. ಅಂದಿನಿಂದ ಮೂವತ್ತೊಂಬತ್ತು ವರ್ಷ, ಚಪ್ಪಲಿಯ ಒಂದು ಉಂಗುಷ್ಠವೂ ಕಳೆದಿಲ್ಲ. ಅತ್ತೆಗೆ ಈಗ ಮುಖಗಳು ಮಸುಕು ಮಸುಕಾಗಿ ಕಾಣುತ್ತವೆ, ಆದರೆ ಚಪ್ಪಲಿಯ ಸವೆತ ನೋಡಿ ಮನುಷ್ಯನ ಗುಣ ಹೇಳುತ್ತಾರೆ, ಅದು ತಪ್ಪಿದ್ದನ್ನು ನಾನು ನೋಡಿಲ್ಲ.

ಊರಿಗೆ ಬಂದವಳು ನೀರಿಗೆ ಬಾರದಿರುವಳೇ ಎಂಬಂತೆ, ಚಪ್ಪಲಿ ಬಿಟ್ಟು ಮೇಲೆ ಹೋದವರು ಅದನ್ನು ಹಾಕಿಕೊಳ್ಳಲು ಕೆಳಗೆ ಬಂದೇ ಬರುತ್ತಾರೆಂಬ ಮೂಢನಂಬಿಕೆಯಲ್ಲಿ ನಾವು ಇಷ್ಟು ವರ್ಷ ಬದುಕಿದ್ದೆವು. ಅದನ್ನು ತೊಡೆದುಹಾಕಲು ತಾವೇ ಬರಬೇಕಾಯಿತು. ಪೂರ್ವದ ಮೆಟ್ಟಿಲುಗಳಲ್ಲಿ ಹತ್ತುವುದು ಮಾತ್ರ, ಪಶ್ಚಿಮದ ಮೆಟ್ಟಿಲುಗಳಲ್ಲಿ ಇಳಿಯುವುದು ಮಾತ್ರ ಎಂಬ ತಮ್ಮ ಆದೇಶವನ್ನು ಓದಿದಾಗ, ಇಷ್ಟು ಸರಳವಾದದ್ದು ಬೆಟ್ಟ ಹುಟ್ಟಿದಾಗಿನಿಂದ ಯಾರಿಗೂ ಹೊಳೆಯಲಿಲ್ಲವಲ್ಲ ಎಂದು ರೋಮಾಂಚನವಾಯಿತು. ಉದ್ಘಾಟನೆಯ ದಿನ ತಾವೇ ರಿಬ್ಬನ್ ಕತ್ತರಿಸಿ, ಬರಿಗಾಲಿನಲ್ಲಿ ಎಲ್ಲರಿಗಿಂತ ಮುಂದೆ ಹತ್ತಿದ್ದನ್ನು ಕಂಡು ಅತ್ತೆ ಕೈಮುಗಿದರು. ಆ ದಿನ ನೂಕುನುಗ್ಗಲು ಎಳ್ಳಷ್ಟೂ ಇರಲಿಲ್ಲ. ಜನರೆಲ್ಲ ಸಾಲಾಗಿ ಹತ್ತಿ, ಸಾಲಾಗಿ ದರ್ಶನ ಮಾಡಿ, ಸಾಲಾಗಿ ಆ ಕಡೆ ಇಳಿದು, ತಮ್ಮ ಚಪ್ಪಲಿಗಳಿಂದ ಬೆಟ್ಟದ ಸುತ್ತುದಾರಿಯಲ್ಲಿ ಹನ್ನೊಂದು ಕಿಲೋಮೀಟರ್ ದೂರ, ಸುಡುವ ಬಂಡೆಯ ಮೇಲೆ ಕಾಲು ಬದಲಿಸುತ್ತ ನಿಂತರು.

ತಮ್ಮ ಕಚೇರಿ ಕೈಕಟ್ಟಿ ಕೂರಲಿಲ್ಲವೆಂಬುದನ್ನು ಇಲ್ಲಿ ಕೃತಜ್ಞತೆಯಿಂದ ನೆನೆಯಬೇಕು. ಚಪ್ಪಲಿಗಳನ್ನು ಆ ಕಡೆಗೆ ಸಾಗಿಸಲು ಮಧ್ಯಾಹ್ನವೇ ಲಾರಿ ಬಂತು. ನಾನು ನೀರು ತರಲು ಹೋಗಿದ್ದೆ, ಅತ್ತೆ ಹಿಂದಿನ ಕೋಣೆಯಲ್ಲಿ ಊಟ ಮಾಡಿ ಮಲಗಿದ್ದರು. ಕೊಡ ಹೊತ್ತು ಬರುವಷ್ಟರಲ್ಲಿ ಮುಂದಿನ ಕೋಣೆ ಬಟಾಬಯಲಾಗಿತ್ತು. ನನ್ನ ಪೊರಕೆಯನ್ನೂ ಬಿಟ್ಟಿರಲಿಲ್ಲ. ಹೊರಟಿದ್ದ ಲಾರಿಯ ಹಿಂದೆ ಓಡಿ, “ಹಿಂದೆ ಇನ್ನೊಂದು ಕೋಣೆ ಇದೆ ಕಣಪ್ಪಾ!” ಎಂದು ಕೂಗಿದರೆ, ಡ್ರೈವರ್ ಕಿಟಕಿಯಿಂದ ಪಟ್ಟಿ ಬೀಸಿ, “ನಾನೂರ ಹದಿಮೂರು ಚೀಟಿ, ನಾನೂರ ಹದಿಮೂರು ಚಪ್ಪಲಿ, ಎಣಿಸಿ ಆಯ್ತು ಅಕ್ಕಾ, ಲೆಕ್ಕ ಸರಿ ಇದೆ!” ಎಂದು ಹೋಗಿಯೇಬಿಟ್ಟ. ಲೆಕ್ಕ ನಿಜವಾಗಿಯೂ ಸರಿಯಿತ್ತು. ಮನುಷ್ಯನಿಗೆ ಎರಡು ಕಾಲಿಟ್ಟ ದೇವರದೇ ತಪ್ಪು.

ಹೀಗೆ ಪಶ್ಚಿಮದ ಬಾಗಿಲಿನಲ್ಲಿ ಎಲ್ಲರಿಗೂ ಬಲಗಾಲಿನ ಚಪ್ಪಲಿ ವಿತರಣೆಯಾಯಿತು. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಎಂಬ ಗಾದೆ ಎರಡು ಪ್ರಾಣಿಗಳದ್ದೆಂದು ತಿಳಿದಿದ್ದೆ. ಒಬ್ಬನೇ ಮನುಷ್ಯನ ಎರಡು ಕಾಲುಗಳಿಗೂ ಅದನ್ನು ಅನ್ವಯಿಸಿ ತೋರಿಸಿದ ಕೀರ್ತಿ ತಮ್ಮದು. ಮರುದಿನ ಬೆಳಗ್ಗೆಯೇ ಎಡಗಾಲಿನವನ್ನೆಲ್ಲ ಗೋಣಿಚೀಲಗಳಲ್ಲಿ ತುಂಬಿ ತಮ್ಮ ಕಚೇರಿಯ ಮುಂದೆ ಇಳಿಸಿದೆ. ಗುಮಾಸ್ತರು ದೂರದಿಂದಲೇ ನೋಡಿ, “ಅಯ್ಯೋ, ಅವೆಲ್ಲ ಈಗ ಕೇಸಿಗೆ ಸಾಕ್ಷಿ ಕಣಮ್ಮಾ, ನಾವು ಮುಟ್ಟೋ ಹಾಗಿಲ್ಲ, ವಾಪಸ್ ತಗೊಂಡ್ಹೋಗು” ಎಂದು ನೋಟೀಸನ್ನು ಕೈಗಿತ್ತರು. ನಾನೂರ ಹನ್ನೆರಡು ದೂರುಗಳ ಆಧಾರದ ಮೇಲೆ, ನಾನೂರ ಹನ್ನೆರಡು ಎಡಗಾಲಿನ ಪಾದರಕ್ಷೆಗಳನ್ನು ದುರುದ್ದೇಶದಿಂದ ಅಪಹರಿಸಿರುವ ನಾನೂ ಅತ್ತೆಯೂ ಏಳು ದಿನಗಳೊಳಗೆ ಸಮಜಾಯಿಷಿ ಕೊಡದಿದ್ದರೆ ಮಳಿಗೆಗೆ ಬೀಗಮುದ್ರೆ ಹಾಕಲಾಗುವುದು. ಕದ್ದ ಮಾಲನ್ನು ಹಿಂದಿರುಗಿಸದಿರುವುದು ಅಪರಾಧ, ಹಿಂದಿರುಗಿಸುವುದು ಸಾಕ್ಷ್ಯನಾಶ! ಇಷ್ಟು ಗಟ್ಟಿಯಾದ ಗಂಟನ್ನು ನಾನು ಯಾವ ಬೂಟಿನ ಲೇಸಿನಲ್ಲೂ ಕಂಡಿಲ್ಲ.

ನೋಟೀಸನ್ನು ಅತ್ತೆಗೆ ಓದಿ ಹೇಳಬಾರದಾಗಿತ್ತು. ಅವರು ಸಿಟ್ಟಾಗಲಿಲ್ಲ. ತಮ್ಮ ಕಾಲಿನ ಹಳೆಯ ಚಪ್ಪಲಿ ಕಳಚಿ, ಎಡಗಾಲಿನದನ್ನು ಹಲಗೆಯ ಮೇಲೆ ಉಳಿದವುಗಳ ಜೊತೆಗಿಟ್ಟು, “ಎಲ್ಲಾರಿಗೂ ಸಿಕ್ಕಿದ ಮೇಲೆ ನಾನು ಹಾಕ್ಕೋತೀನಿ” ಎಂದರು. ಅಂದಿನಿಂದ ಬರಿಗಾಲಲ್ಲಿದ್ದಾರೆ. ದಿನವೂ ಒಂದೊಂದು ಚಪ್ಪಲಿಯ ಧೂಳು ಒರೆಸಿ, ಚೀಟಿ ಬಿಗಿದು, ಮತ್ತೆ ಅದೇ ಜಾಗದಲ್ಲಿಡುತ್ತಾರೆ. ತಾವು ಬೇರೆ ಯಾವ ಮಾತು ಬೇಕಾದರೂ ಅನ್ನಬಹುದಿತ್ತು. ಮೂವತ್ತೊಂಬತ್ತು ವರ್ಷ ಕಾವಲು ಕಾದವರನ್ನು ಕಳ್ಳಿಯೆಂದು ಬರೆದದ್ದರಿಂದ ನನಗೆ ಬಹಳ ನೋವಾಗಿದೆ, ಮಾನ್ಯರೇ.

ಆದ್ದರಿಂದ ತಮ್ಮ ಶಕ್ತಿಗೆ ತಕ್ಕ ಕೆಲವು ವಿನಂತಿಗಳು. ಆದೇಶವನ್ನು ತಿದ್ದಿದರೆ ತಮ್ಮ ಘನತೆಗೆ ಕುಂದು ಬರುವುದರಿಂದ, ಬೆಟ್ಟವನ್ನೇ ಅರ್ಧ ಸುತ್ತು ತಿರುಗಿಸಿ ಪಶ್ಚಿಮದ ಮೆಟ್ಟಿಲುಗಳು ನಮ್ಮ ಮಳಿಗೆಯ ಮುಂದೆ ಇಳಿಯುವಂತೆ ಮಾಡಬೇಕು. ಅದಕ್ಕೆ ಟೆಂಡರ್ ಕರೆಯುವುದು ತಡವಾಗುವುದಾದರೆ ಸ್ವಾಮಿಯನ್ನು ಆಡಳಿತದ ಹಿತದೃಷ್ಟಿಯಿಂದ ಬೆಟ್ಟದ ಬುಡಕ್ಕೆ ವರ್ಗಾಯಿಸಬಹುದು. ಹತ್ತುವುದೂ ಇಲ್ಲ, ಇಳಿಯುವುದೂ ಇಲ್ಲ. ಅದೂ ಆಗದಿದ್ದರೆ ಭಕ್ತರು ಬಲಗಾಲನ್ನು ಮಾತ್ರ ಯಾತ್ರೆಗೆ ಕರೆತರತಕ್ಕದ್ದೆಂದು ಸುತ್ತೋಲೆ ಹೊರಡಿಸಬೇಕು. ಈಗಂತೂ ಸುದ್ದಿ ಹಬ್ಬಿ, ಜನ ಚಪ್ಪಲಿಯನ್ನು ಕಂಕುಳಲ್ಲಿ ಅವುಚಿಕೊಂಡೇ ಬೆಟ್ಟ ಹತ್ತುತ್ತಿದ್ದಾರೆ, ನಮ್ಮ ಎರಡೂ ಕಿಟಕಿಗಳ ಮುಂದೆ ನೊಣವೂ ಕೂರುವುದಿಲ್ಲ.

ಇವೆಲ್ಲ ದೊಡ್ಡ ಕೆಲಸಗಳೆನಿಸಿದರೆ ಚಿಕ್ಕದೊಂದಿದೆ. ಇಲ್ಲಿ ಯಾರೂ ಏನೂ ಕದ್ದಿಲ್ಲ ಎಂದು ಒಂದು ಸಾಲು ಬರೆದು, ಸಹಿ ಮಾಡಿ ಕಳಿಸಿ. ಅತ್ತೆಯ ಕಿಟಕಿಗೆ ಅಂಟಿಸುತ್ತೇನೆ.

ಏಳನೆಯ ದಿನದವರೆಗೂ ತಮ್ಮ ವಿಶ್ವಾಸಿ,
ಬಲಗಾಲಿನ ಕೋಣೆ ಖಾಲಿಯಾಗಿರುವ ಚಪ್ಪಲಿ ಮಳಿಗೆಯವಳು

ತಾ.ಕ.: ಅತ್ತೆಯದನ್ನು ಬಿಟ್ಟು ಎಣಿಸಿದರೂ ಹಿಂದಿನ ಕೋಣೆಯಲ್ಲಿ ನಾನೂರ ಹದಿಮೂರು ಎಡಗಾಲಿನವಿವೆ, ದೂರು ಬಂದಿರುವುದು ನಾನೂರ ಹನ್ನೆರಡಕ್ಕೆ. ದೂರು ಕೊಡದೆ ಉಳಿದ ಆ ಒಬ್ಬ ಪುಣ್ಯಾತ್ಮರು ಯಾರೆಂದು ಹುಡುಕಿದಾಗ, ಉದ್ಘಾಟನೆಯ ದಿನದ ಒಂದನೆಯ ನಂಬರಿನ ಚೀಟಿ ಕಟ್ಟಿದ, ಹೊರಗಡೆಯ ಹಿಮ್ಮಡಿ ಮಾತ್ರ ಸವೆದ, ಕಂದು ಬಣ್ಣದ ಒಂದು ಬೂಟು ಸಿಕ್ಕಿತು. ಅತ್ತೆ ಅದನ್ನು ತಡವಿ, “ಈ ಯಪ್ಪ ಕಾಲೆಲ್ಲಿ ಇಡ್ತೀನಿ ಅಂತ ನೋಡೋದೇ ಇಲ್ಲ ಕಣೆ” ಎಂದರು. ತಾವು ಮಳಿಗೆಗೆ ಬೀಗ ಹಾಕಿದರೆ ಅದೂ ಒಳಗೇ ಉಳಿಯುತ್ತದೆ. ತೆಗೆದುಕೊಂಡು ಹೋಗಲು ತಾವೇ ಬರಬೇಕು. ಬಂದಾಗ ಆದೇಶದ ಪ್ರಕಾರ ಕಾಲಲ್ಲಿರುವ ಜೊತೆಯನ್ನು ನಮ್ಮಲ್ಲಿ ಬಿಟ್ಟು, ಬೆಟ್ಟ ಹತ್ತಿ, ಆ ಕಡೆ ಇಳಿಯತಕ್ಕದ್ದು. ಹೆದರಬೇಡಿ, ಜೋಪಾನವಾಗಿ ಇಡುತ್ತೇವೆ: ಬಲಗಾಲಿನದು ನನ್ನ ಬಳಿ, ಎಡಗಾಲಿನದು ಅತ್ತೆಯ ಬಳಿ.