ನೀರು ಕುಣಿಯಲೇಬೇಕು

ಮದುವೆ ಊಟದ ಪಂಕ್ತಿಯಲ್ಲಿ ಪಕ್ಕದವರು "ಏನ್ ನೌಕರಿರಿ ನಿಮ್ದು?" ಎಂದು ಕೇಳಿದರೆ ನಾನು ತಕ್ಷಣ ಹಪ್ಪಳ ಮುರಿದು ಬಾಯಿಗೆ ತುಂಬಿಕೊಳ್ಳುತ್ತೇನೆ. ಬಾಯಿ ತುಂಬಿದವನನ್ನು ಯಾರೂ ಮಾತಿಗೆ ಒತ್ತಾಯಿಸುವುದಿಲ್ಲ. ಒಮ್ಮೆ ಹಿಟ್ನಾಳದ ಮದುವೆಯೊಂದರಲ್ಲಿ, ಊರಿನ ಕೊಳಚೆ ನೀರು ಶುದ್ಧ ಮಾಡುವ ಘಟಕಕ್ಕೆ ನಾನು ಇಂಜಿನಿಯರ್ ಎಂದು ನಿಜ ಹೇಳಿಬಿಟ್ಟೆ. ಪಕ್ಕದ ಹಿರಿಯರು ತಮ್ಮ ಎಲೆಯನ್ನು ಅರ್ಧ ಗೇಣು ಆಚೆ ಸರಿಸಿಕೊಂಡರು. ಪಾಯಸ ಬಂದಾಗ ಬೇಡವೆಂದು ಕೈ ಅಡ್ಡ ಹಿಡಿದರು. ನನ್ನ ಹೆಂಡತಿ ಶರಣಮ್ಮ ಇದಕ್ಕೆ ತನ್ನದೇ ದಾರಿ ಕಂಡುಕೊಂಡಿದ್ದಾಳೆ. "ನಮ್ಮವ್ರು ನೀರಿನ ಡಿಪಾರ್ಟ್‌ಮೆಂಟಿನ್ಯಾಗ ಅದಾರ" ಎನ್ನುತ್ತಾಳೆ. ಸುಳ್ಳೇನಲ್ಲ. ಆದರೆ ನಲ್ಲಿ ಬರದ ದಿನ ಓಣಿಯ ಹೆಂಗಸರೆಲ್ಲ ಖಾಲಿ ಕೊಡ ಹಿಡಿದು ನಮ್ಮ ಬಾಗಿಲಿಗೇ ಬರುತ್ತಾರೆ.

ಇಂಥ ನನಗೂ ಒಮ್ಮೆ ಶಾಲು ಹೊದಿಸಿ ಸನ್ಮಾನ ಮಾಡಿದರು. ಯಾತಕ್ಕೆ ಮಾಡಿದರು ಎಂಬುದನ್ನು ಇವತ್ತಿಗೂ ಹೆಂಡತಿಗೆ ಹೇಳಿಲ್ಲ, ನಿಮಗೆ ಹೇಳುತ್ತೇನೆ.

ನಮ್ಮದು ಗಂಗಾವತಿಯಲ್ಲಿ ಬಸ್ಸು ಹತ್ತಿದರೆ ಒಂದು ಸಣ್ಣ ನಿದ್ದೆ ಮುಗಿಯುವಷ್ಟರಲ್ಲಿ ಸಿಗುವ ಪಟ್ಟಣ. ಊರ ಹೊಲಸು ನೀರೆಲ್ಲ ಬಂದು ಬೀಳುವ ಎರಡು ದೊಡ್ಡ ತೊಟ್ಟಿಗಳೇ ನನ್ನ ಸಾಮ್ರಾಜ್ಯ. ಆ ಹೊಲಸನ್ನು ತಿಂದು ನೀರನ್ನು ತಿಳಿಯಾಗಿಸುವುದು ಇಂಜಿನಿಯರ್ ಅಲ್ಲ, ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳು. ಅವಕ್ಕೆ ಸಂಬಳ ಬೇಡ, ಬಡ್ತಿ ಬೇಡ, ಉಸಿರಾಡಲು ಗಾಳಿಯೊಂದಿದ್ದರೆ ಸಾಕು. ಮೊದಲು ಆ ಗಾಳಿಗಾಗಿ ತೊಟ್ಟಿಗಳ ಮೇಲೆ ದೊಡ್ಡ ದೊಡ್ಡ ಫ್ಯಾನುಗಳು ತಿರುಗುತ್ತಿದ್ದವು. ನೀರನ್ನು ಆಳೆತ್ತರಕ್ಕೆ ಎರಚುತ್ತಿದ್ದವು, ಅಕ್ಕಿ ಗಿರಣಿಯಂತೆ ಸದ್ದು ಮಾಡುತ್ತಿದ್ದವು, ಕರೆಂಟು ಕುಡಿಯುತ್ತಿದ್ದವು, ಆಗಾಗ ಸುಟ್ಟು ಸುಮ್ಮನೆ ಕೂರುತ್ತಿದ್ದವು. ಅವನ್ನು ಬದಲಿಸಿ ಎಂದು ವರ್ಷಗಟ್ಟಲೆ ಪತ್ರ ಬರೆದೆ. ಕೊನೆಗೆ ನನ್ನ ಪತ್ರ ಓದಿ ಸಾಕಾಗಿಯೋ ಏನೋ, ಮಂಜೂರು ಮಾಡಿದರು. ಹೊಸ ವ್ಯವಸ್ಥೆಯಲ್ಲಿ ತೊಟ್ಟಿಯ ತಳದ ಪೈಪುಗಳ ಮೇಲೆ ಊಟದ ತಟ್ಟೆಯಷ್ಟು ಅಗಲದ ರಬ್ಬರ್ ಬಿಲ್ಲೆಗಳಿರುತ್ತವೆ. ಪಕ್ಕದ ಕೋಣೆಯ ಯಂತ್ರ ಗಾಳಿ ಊದಿದರೆ ಬಿಲ್ಲೆಗಳ ಸಣ್ಣ ತೂತುಗಳಿಂದ ಸಾಸಿವೆಯಂಥ ಗುಳ್ಳೆಗಳು ಏಳುತ್ತವೆ. ಗುಳ್ಳೆ ಸಣ್ಣದಾದಷ್ಟೂ ಗಾಳಿ ನೀರಿನಲ್ಲಿ ಚೆನ್ನಾಗಿ ಕರಗುತ್ತದೆ. ಸದ್ದಿಲ್ಲ, ಎರಚಾಟವಿಲ್ಲ. ನಾನು ಖುಷಿಪಟ್ಟದ್ದು ಇದಕ್ಕೇ, ಸಿಕ್ಕಿಬಿದ್ದದ್ದೂ ಇದರಿಂದಲೇ.

ಪುರಸಭೆಯ ಅಧ್ಯಕ್ಷರು ಉದ್ಘಾಟನೆಗೆ ಬರುವ ದಿನ ಬೆಳಗ್ಗೆ ಯಂತ್ರ ಹಚ್ಚಿ ನೋಡಿದೆವು. ನಾವೆಂದರೆ ನಾನು ಮತ್ತು ಹುಲಿಗೆಮ್ಮ. ಈಕೆ ನನಗಿಂತ ಮೊದಲೇ ಘಟಕದ ಕೆಲಸಕ್ಕೆ ಸೇರಿದವಳು. ನೀರಿನ ಬಣ್ಣ ನೋಡಿ, ಒಮ್ಮೆ ಮೂಸಿ, ಅದರ ಆರೋಗ್ಯ ಹೇಳಿಬಿಡುತ್ತಾಳೆ. ಮೇಲ್ಮೈಯಲ್ಲಿ ಗುಳ್ಳೆಗಳು ಸಣ್ಣಗೆ ಚುಟುಚುಟು ಎನ್ನುತ್ತಿದ್ದವು. ನಾನು ಹೆಮ್ಮೆಯಿಂದ ಅವಳ ಮುಖ ನೋಡಿದೆ.

"ಅನ್ನಕ್ಕ ಎಸರು ಇಟ್ಟಂಗ ಐತ್ರಿ ಸಾಹೇಬ್ರ. ಇನ್ನಾ ಕುದಿ ಬಂದಿಲ್ಲ" ಎಂದಳು.

"ಹಿಂಗ ಇರಬೇಕವಾ. ಇದು ಸರಿ ಐತಿ."

"ಸರಿ ಇರಬಹುದ್ರಿ. ಆದ್ರ ಅಧ್ಯಕ್ಷರು ಬರೋದು ಕುದಿಯೋದನ್ನ ನೋಡಾಕಲ್ಲೇನ್ರಿ?"

ಇಷ್ಟೊಂದು ಖರ್ಚು ಮಾಡಿ ಬರೀ ಎಸರಿಟ್ಟಿದ್ದಾನೆ ಎಂದರೆ ಏನು ಮಾಡಲಿ? ಹೊರಗೆ ಆಗಲೇ ಜೀಪುಗಳ ಸದ್ದು. ಗಾಳಿಯಂತ್ರಗಳು ಎರಡಿದ್ದವು: ಒಂದು ಓಡಬೇಕು, ಇನ್ನೊಂದು ಅದಕ್ಕೆ ಬದಲಿ. ನಾನು ಓಡಿಹೋಗಿ ಎರಡನ್ನೂ ಹಚ್ಚಿ, ವಾಲ್ವನ್ನು ಪೂರ್ತಿ ತಿರುವಿದೆ. ತಳದಲ್ಲಿ ಎಲ್ಲೋ 'ಧಡ್' ಎಂದಿತು. ಮರುಕ್ಷಣ ಮೊದಲ ತೊಟ್ಟಿಯ ಮೂಲೆಯಲ್ಲಿ, ಮುಳುಗಿದ್ದ ಆನೆ ಎದ್ದಂತೆ ನೀರು ಉಬ್ಬಿ, ಉಕ್ಕಿ, ಮೇಲಕ್ಕೆ ಚಿಮ್ಮಿತು. ಅದೇ ಹೊತ್ತಿಗೆ ಅಧ್ಯಕ್ಷರು ಒಳಗೆ ಕಾಲಿಟ್ಟರು.

"ಅಬಾಬಾಬಾ! ಇದಕ್ಕ ಅಂತಾರ್ರೀ ಮಷಿನ್ನು!" ಎಂದು ನಿಂತಲ್ಲೇ ಚಪ್ಪಾಳೆ ತಟ್ಟಿದರು. ಹಿಂದಿದ್ದವರೂ ತಟ್ಟಿದರು. ರಿಬ್ಬನ್ ಕತ್ತರಿಸಿ, ನನಗೆ ಶಾಲು ಹೊದಿಸಿ, ಹಾರ ಹಾಕಿದರು. ಹುಲಿಗೆಮ್ಮ ಮೆಲ್ಲನೆ ನನ್ನ ಬೆನ್ನ ಹಿಂದೆ ಬಂದಳು. "ಪೈಪ್ ಕಿತ್ತೈತ್ರಿ. ಹೇಳೋಣೇನ್ರಿ?"

"ಸುಮ್ನಿರವಾ, ಫೋಟೋ ತಗೀಲಿ" ಎಂದೆ.

ಫೋಟೋ ಆದ ಮೇಲೂ ಹೇಳಲಿಲ್ಲ. ಮರುದಿನ ಪೇಪರಿನಲ್ಲಿ ನನ್ನ ಮುಖ ಬಂತು. ಊರಿನ ಜನ ಕಾರಂಜಿ ನೋಡಲು ಬರತೊಡಗಿದರು. ಮದುವೆಯಾದಂದಿನಿಂದ ಘಟಕದ ಕಡೆ ತಲೆ ಹಾಕದಿದ್ದ ಶರಣಮ್ಮ, ರೇಷ್ಮೆ ಸೀರೆ ಉಟ್ಟು ಓಣಿಯ ಹೆಂಗಸರನ್ನು ಕರೆತಂದಳು. ಸೆರಗಿನ ತುದಿ ಮೂಗಿಗೆ ಒತ್ತಿಕೊಂಡೇ "ಇದನ್ನೆಲ್ಲಾ ನಮ್ಮವ್ರ ಮಾಡ್ಯಾರ" ಎಂದಳು. ಅವಳು ಹೇಳಿದ್ದು ಅಕ್ಷರಶಃ ನಿಜವಾಗಿತ್ತು. ಗಾಳಿಯೆಲ್ಲ ಕಿತ್ತ ಪೈಪಿನಿಂದ ಹೊರಗೆ ಹೋಗಿ, ಆ ತೊಟ್ಟಿಯ ಒಂದು ಬಿಲ್ಲೆಯೂ ಉಸಿರಾಡುತ್ತಿರಲಿಲ್ಲ. ಇವತ್ತು ನಿಲ್ಲಿಸೋಣ, ನಾಳೆ ನಿಲ್ಲಿಸೋಣ ಎಂದು ಮೂರು ದಿನ ದೂಡಿದೆ.

ನಾಲ್ಕನೆಯ ದಿನ ನೀರು ಕಪ್ಪಿಟ್ಟು ಕೊಳೆತ ಮೊಟ್ಟೆಯಂತೆ ನಾರತೊಡಗಿತು. ಹುಲಿಗೆಮ್ಮ ಸೊಂಟಕ್ಕೆ ಕೈಯಿಟ್ಟು ನನ್ನ ಮುಂದೆ ನಿಂತಳು. "ಕಾರಂಜಿ ಚಂದ ಐತ್ರಿ, ಆದ್ರ ನೀರು ಸಾಯಾಕತ್ತೈತಿ. ಇದು ಹೊರಗ ಹೋದ್ರ ಹಳ್ಳದ ಕೆಳಗಿನ ಗದ್ದಿಯವ್ರು ಬಡಿಗಿ ಹಿಡ್ಕೊಂಡು ಬರ್ತಾರ. ಅವ್ರಿಗೂ ಶಾಲು ತೋರಸ್ತೀರೇನ್ರಿ?"

ಆ ತೊಟ್ಟಿಯಿಂದ ನೀರು ಹೊರಹೋಗುವ ತೂಬನ್ನು ಆಗಿಂದಾಗಲೇ ಮುಚ್ಚಿಸಿದೆ. ನೀರನ್ನೆಲ್ಲ ಎರಡನೆಯ ತೊಟ್ಟಿಗೆ ತಿರುಗಿಸಿ, ಮೊದಲನೆಯದನ್ನು ಖಾಲಿ ಮಾಡಿ ಗಾಳಿಗೆ ಬಿಟ್ಟು, ಮೊಣಕಾಲುದ್ದದ ಬೂಟು ಹಾಕಿಕೊಂಡು ನಾನೇ ಕೆಸರಿಗಿಳಿದೆ. ಪೈಪಿನ ಕೀಲು ಕಳಚಿ ಬಾಯಿ ತೆರೆದು ಬಿದ್ದಿತ್ತು. ಬಿಗಿ ಮಾಡುತ್ತಾ, ಮೇಲೆ ನಿಂತು ಹಗ್ಗ ಹಿಡಿದಿದ್ದ ಅವಳಿಗೆ ತಪ್ಪೊಪ್ಪಿಕೊಂಡೆ: "ಹುಲಿಗೆಮ್ಮ, ವಾಲ್ವ್ ಪೂರ್ತಿ ತಿರುವಿದ್ದು ನಾನವಾ."

"ಗೊತ್ತೈತ್ರಿ. ಅಲ್ಲೇ ನಿಂತಿದ್ದೆ. ಸಾಹೇಬ್ರು ಯಾವಾಗ ಹೇಳ್ತಾರ ನೋಡೋಣಂತ ಸುಮ್ನಿದ್ದೆ."

ನೀರು ಮತ್ತೆ ತಿಳಿಯಾಗಲು ಎರಡು ವಾರ ಹಿಡಿಯಿತು. ಈಗ ಎಲ್ಲ ಬಿಲ್ಲೆಗಳಲ್ಲೂ ಸಾಸಿವೆ ಗುಳ್ಳೆ. ಹಳ್ಳಕ್ಕೆ ಹೋಗುವ ನೀರಿನಲ್ಲಿ ವಾಸನೆಯಿಲ್ಲ. ಅದನ್ನು ನೋಡಲು ಒಬ್ಬರೂ ಬರಲಿಲ್ಲ. ಬಂದವರು ಅಧ್ಯಕ್ಷರು ಮಾತ್ರ, ಅದೂ ಕುಷ್ಟಗಿಯ ನೆಂಟರಿಗೆ ಕಾರಂಜಿ ತೋರಿಸಲು. ತೊಟ್ಟಿ ನೋಡಿದ್ದೇ ತಡ, ಅವರ ಮುಖ ಸಣ್ಣದಾಯಿತು.

"ಏನ್ರೀ ಇದು? ಅವತ್ತು ಎಷ್ಟು ಛಲೋ ನಡೀತಿತ್ತು! ಏನ್ ಕೆಡಿಸಿ ಇಟ್ರಿ?"

ಅವತ್ತು ಕೆಟ್ಟಿತ್ತು, ಇವತ್ತು ಸರಿಯಾಗಿದೆ ಎಂಬ ಮಾತು ನಾಲಗೆಯ ತುದಿಗೆ ಬಂತು. ಅಷ್ಟರಲ್ಲಿ, ಶರಣಮ್ಮ ಗೋಡೆಗೆ ತೂಗುಹಾಕಿದ್ದ ನನ್ನ ಶಾಲಿನ ಫೋಟೋ ಕಣ್ಣೆದುರು ಬಂತು.

"ಕೆಟ್ಟಿಲ್ರಿ ಸರ. ಅದು ಉದ್ಘಾಟನಾ ಮೋಡ್‌ರಿ. ದಿನಾ ಹಾಕೂದಿಲ್ಲ."

"ಹಂಗೇನ್ರಿ!" ಅಧ್ಯಕ್ಷರ ಮುಖ ಅರಳಿತು. "ಮುಂದ ಬರೋ ಮೊದ್ಲು ಫೋನ್ ಮಾಡ್ತೀನಿ. ಹಾಕಿ ಇಡ್ರಿ ಮತ್ತ."

ಹಾಗಾಗಿ ತೊಟ್ಟಿಯ ಮೂಲೆಗೆ ಬಿಲ್ಲೆಯಿಲ್ಲದ ಬರಿಯ ಪೈಪೊಂದನ್ನು ಬೇರೆಯಾಗಿ ಇಳಿಸಿ, ಅದಕ್ಕೇ ಒಂದು ವಾಲ್ವ್ ಕೂರಿಸಿದ್ದೇನೆ. ಫೋನ್ ಬಂದಾಗ ಹುಲಿಗೆಮ್ಮ ಅದನ್ನು ತಿರುವುತ್ತಾಳೆ, ನೀರು ಕುಣಿಯುತ್ತದೆ, ಬಂದವರು ತಲೆದೂಗಿ ಹೋಗುತ್ತಾರೆ. ಮೊನ್ನೆ ಅತಿಥಿಗಳ ಜೀಪು ಹೊರಟ ಮೇಲೆ ವಾಲ್ವ್ ಮುಚ್ಚುತ್ತಾ ಅವಳು ಕೇಳಿದಳು:

"ಇದರಿಂದ ನೀರಿಗೆ ಏನರ ಉಪಯೋಗ ಐತೇನ್ರಿ ಸಾಹೇಬ್ರ?"

"ನೀರಿಗಲ್ಲವಾ," ಎಂದೆ, "ನನಗ."